ರಾಗಿಯ ಜೀವಕೋಶಕ್ಕೆ ಹೊಸ ಗುಣ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ನಮ್ಮನ್ನು ಪ್ರೀತಿಯಿಂದ ಕರೆಸಿದ್ದೀರಿ. ಬಂದ ಕೂಡಲೇ ನೀವು ಕೇಳಿದ್ದು ಒಂದೇ ಮಾತು: "ಎಚ್.ಡಿ. ಕೋಟೆ ಕಡೆ ಬಿ.ಟಿ. ಹತ್ತಿ ಬಂದ ಹಾಗೆ ರಾಗಿಗೂ ಬರ್ತದಾ? ಬಂದರೆ ವರ್ಷವರ್ಷ ಬೀಜ ಕೊಳ್ಳಬೇಕಾ?" ನಾವು ಅದನ್ನೇ ಹೇಳುತ್ತೇವೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟದ್ದು ಹಿರಿಯರಿಗೆ ಗೊತ್ತೇ ಇದೆ. ಅಲ್ಲಿ ರಾಗಿಗೆ ರಾಗಿಯೇ ನೆಂಟ. ಕುಲಾಂತರಿ ವಿದ್ಯೆ ಬೇರೆ. ಇನ್ನೊಂದು ಜೀವಿಯ ವಂಶವಾಹಿಯನ್ನು, ಅಂದರೆ ಜೀನನ್ನು, ನೇರವಾಗಿ ಜೀವಕೋಶದೊಳಕ್ಕೆ ಕಳಿಸೋದು.

ಮಣ್ಣಿನಲ್ಲಿ ಅಗ್ರೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಾಣು ಇದೆ. ಗಾಯವಾದ ಗಿಡಕ್ಕೆ ನುಗ್ಗಿ, ತನ್ನ ಜೀನು ಸೇರಿಸಿ ಗಂಟು ಬರಿಸುತ್ತದೆ. ಆ ಗಂಟಿನ ಜೀನು ತೆಗೆದು, ಬೇಕಾದ ಜೀನು ಇಟ್ಟು ಕಳಿಸಿದರು. ಹೊಗೆಸೊಪ್ಪಿನಲ್ಲಿ ಕೆಲಸ ಸಲೀಸಾಯಿತು. ಭತ್ತ, ಜೋಳ, ರಾಗಿ ಮಾತ್ರ ಬಗ್ಗಲಿಲ್ಲ. ಹುಲ್ಲಿನ ಜಾತಿಯ ತಂಟೆಗೆ ಈ ಸೂಕ್ಷ್ಮಾಣು ತಾನಾಗಿ ಹೋಗುವುದಿಲ್ಲ. ಅದಕ್ಕೇ 1980ರ ದಶಕದಲ್ಲಿ ಅಮೆರಿಕದವರು ಜೀನು ಲೇಪಿಸಿದ ಲೋಹದ ಕಣಗಳನ್ನು ಹೊಡೆಯುವ 'ಜೀನ್ ಬಂದೂಕು' ಮಾಡಿದರು. ಜೀನು ತುಂಡಾಗಿ ನಾಲ್ಕಾರು ಕಡೆ ಸೇರಿಬಿಡುವುದು ಅದರ ಕಾಟ. 1994ರಲ್ಲಿ ಜಪಾನಿನವರು ಭತ್ತದ ಕೋಶಗಳ ಮುದ್ದೆಗೆ, ಗಾಯವಾದ ಗಿಡ ಸುರಿಸುವಂಥ ಒಂದು ರಾಸಾಯನಿಕ ಬೆರೆಸಿ, ಅದೇ ಸೂಕ್ಷ್ಮಾಣುವಿನಿಂದ ಕೆಲಸ ಮಾಡಿಸಿದರು.

ಇಷ್ಟಾದರೂ ಕೆಲಸ ಅರ್ಧವೇ. ಜೀನು ಹೊಕ್ಕಿದ್ದು ಕೆಲವೇ ಕೋಶಗಳಿಗೆ. ಅವನ್ನು ಆರಿಸಬೇಕು, ಆರಿಸಿದ ಕೋಶ ಬೇರುಬಿಟ್ಟು, ಎಲೆಯೊಡೆದು, ತೆನೆ ಕಟ್ಟಬೇಕು. ಎಷ್ಟೋ ಸಲ ಮುದ್ದೆ ಮುದ್ದೆಯಾಗಿಯೇ ಉಳಿಯುತ್ತದೆ (ಅದು ಉಣ್ಣುವ ಮುದ್ದೆಯೂ ಅಲ್ಲ!). ವಿಧಾನ ಸುಧಾರಿಸಲು ವಿಜ್ಞಾನಿಗಳು ಹೆಚ್ಚು ಹೆಣಗಿದ್ದು ಇಲ್ಲೇ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ರಾಗಿಯಲ್ಲೂ ಇದನ್ನು ಸಾಧಿಸಿ 2014ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾದಿಂದ ತೆಗೆದ, ಮ್ಯಾನಿಟಾಲ್ ತಯಾರಿಸುವ ಜೀನು ಅದು. ಆ ಸಸಿಗಳು ಬರವನ್ನೂ ಚೌಳನ್ನೂ ಹೆಚ್ಚು ತಡೆದವು.

ಆದರೆ ಅದು ಪ್ರಯೋಗದ ಮಾತು. ಬಿ.ಟಿ. ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಯಾವ ಕುಲಾಂತರಿ ಧಾನ್ಯಕ್ಕೂ ನಮ್ಮ ದೇಶದಲ್ಲಿ ಬೇಸಾಯದ ಅನುಮತಿ ಸಿಕ್ಕಿಲ್ಲ. 'ಕುಲಾಂತರಿ ರಾಗಿ' ಅಂತ ಯಾರಾದರೂ ಚೀಲ ತಂದರೆ ಸಂಘದ ಗೋದಾಮಿಗೆ ಇಳಿಸಿಕೊಳ್ಳಬೇಡಿ.

ಇನ್ನು ಬೀಜದ ಮಾತು. ಬಿ.ಟಿ. ಹತ್ತಿ ಬೀಜವನ್ನು ವರ್ಷವರ್ಷ ಕೊಳ್ಳುವುದು ಅದು ಹೈಬ್ರಿಡ್ ಆದ್ದರಿಂದ, ಜೀನಿನ ದೆಸೆಯಿಂದಲ್ಲ. ರಾಗಿ ತನ್ನ ಹೂವಿನಲ್ಲೇ ಪರಾಗ ಪಡೆಯುವ ಬೆಳೆ. ಒಳ್ಳೆಯ ತೆನೆ ಆರಿಸಿಟ್ಟರೆ ಗುಣ ಉಳಿಯುತ್ತದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲೂ ರೈತ ತನ್ನ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ನೆರೆಯವನಿಗೆ ಮಾರಲೂಬಹುದು. ರಕ್ಷಿತ ತಳಿಯಾದರೆ ಬ್ರ್ಯಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ.