ಮಣ್ಣಿನ ಪದರದಲ್ಲಿ ನಮ್ಮ ಹಿರಿಯರು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮಗೆ ಇತಿಹಾಸ ಎಂದರೆ ಬಾಗಳಿ, ಅಂಬಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಉಚ್ಚಂಗಿದುರ್ಗದ ಕೋಟೆ ನೆನಪಾಗುತ್ತವೆ. ಆದರೆ ಅಕ್ಷರವೇ ಇಲ್ಲದ ಕಾಲದಲ್ಲಿ ಈ ನೆಲದಲ್ಲಿ ದನ ಕಾಯ್ದವರ, ಕಾಳು ಬಿತ್ತಿದವರ ಕಥೆಯನ್ನು ಯಾವ ಶಾಸನವೂ ಹೇಳುವುದಿಲ್ಲ. ಅದನ್ನು ಹೇಳುವುದು ಉತ್ಖನನ.

ಬಳ್ಳಾರಿಗೆ ಹೋಗುವಾಗ ಕುಡತಿನಿ ಹತ್ತಿರ ಒಂದು ಬೂದಿದಿಬ್ಬವಿದೆ. ಅದು ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂದು ಜನ ಹೇಳುತ್ತಿದ್ದರು. ಇಂಥ ದಿಬ್ಬಗಳ ಬಗ್ಗೆ ವಿದ್ವಾಂಸರೂ ನೂರು ವರ್ಷ ವಾದ ಮಾಡಿದರು. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬ ಅಗೆಸಿದರು. ಬೇಲಿಯ ಗೂಟ ನೆಟ್ಟ ಕುಳಿಗಳು, ಬೂದಿಯಲ್ಲಿ ಅಚ್ಚೊತ್ತಿದ ಗೊರಸಿನ ಗುರುತುಗಳು ಸಿಕ್ಕವು. ನಾಲ್ಕು ಸಾವಿರ ವರ್ಷಗಳ ಹಿಂದೆ ಅದು ದನದ ದೊಡ್ಡಿ! ಕೂಡಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆ ಬೂದಿ ಬೆಳೆದಿತ್ತು.

ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಕಲ್ಲಿನ ಕೊಡಲಿಗಳ ಜೊತೆ ಸುಟ್ಟು ಕರಿಯಾದ ಕಾಳುಗಳೂ ಸಿಕ್ಕಿವೆ: ಹುರುಳಿ, ಹೆಸರು, ಕೊರಲೆ. ನಮ್ಮ ಮನೆಯ ಹುರುಳಿ ಸಾರು ಎಷ್ಟು ಹಳೆಯದು ನೋಡಿ.

ಇಂಥ ಕಾಳು, ಗಡಿಗೆಚೂರು ಮಾರಿದರೆ ಕಾಸೂ ಹುಟ್ಟದು. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದೇ ಅದರ ಬೆಲೆ. ನನ್ನ ಸಾಫ್ಟ್‌ವೇರ್ ಕೆಲಸದಲ್ಲೂ ಯಾವುದಾದ ಮೇಲೆ ಯಾವುದು ನಡೆಯಿತು ಎಂಬ ದಾಖಲೆ ಅಳಿಸಿಹೋದರೆ ಉಳಿದ ಮಾಹಿತಿ ಅರ್ಥವಾಗುವುದಿಲ್ಲ. ನಿಧಿಯಾಸೆಗೆ ರಾತ್ರೋರಾತ್ರಿ ಗುಡಿ ಅಗೆಯುವವರು, ದಿಬ್ಬದ ಬೂದಿಯನ್ನು ಟ್ರ್ಯಾಕ್ಟರ್‌ಗೆ ತುಂಬಿ ಹೊಲಕ್ಕೆ ಹೊಡೆಯುವವರು ಆ ದಾಖಲೆಯನ್ನೇ ಅಳಿಸುತ್ತಾರೆ. ಕಂಪ್ಯೂಟರಿಗೆ ಬ್ಯಾಕಪ್ ಇರುತ್ತದೆ, ಮಣ್ಣಿಗೆ ಇಲ್ಲ.

ಆದ್ದರಿಂದ ನನ್ನದೊಂದು ಬಿನ್ನಹ. ಪಾಯ ತೋಡುವಾಗ, ಕೆರೆಯ ಹೂಳೆತ್ತುವಾಗ ಹಳೆಯದೇನಾದರೂ ಕಂಡರೆ ಅಲ್ಲಿಂದ ಕದಲಿಸಬೇಡಿ. ಫೋಟೋ ತೆಗೆದು ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರಿಂದಲೇ ಕಾಯಿದೆ ಇದೆ. ಮಕ್ಕಳೇ, ನಿಮ್ಮ ನಿಮ್ಮ ಊರಿನ ವೀರಗಲ್ಲು, ಮಾಸ್ತಿಕಲ್ಲು ಎಲ್ಲೆಲ್ಲಿವೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದು ಶಾಲೆಯಲ್ಲಿ ಉಳಿಯಲಿ.

ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ಪುರಾತತ್ವ ಸಂಗ್ರಹಾಲಯವಿದೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಬಸ್ಸಿನ ಖರ್ಚು ನಮ್ಮ ಬ್ಯಾಚಿನದು. ಗುರುಗಳು ಒಪ್ಪಿಕೊಳ್ಳಬೇಕು.