ಮಾಳಿಗೆಯ ಮೇಲಿನ ಅರಳಿ ಸಸಿ

ವಾಸ್ತುಶಿಲ್ಪದ ಪದವಿ ಪಡೆಯುತ್ತಿರುವ ಗೆಳೆಯ ಗೆಳತಿಯರೇ,

ಈ ಕಪ್ಪು ಗೌನಿನೊಳಗೆ ಎಷ್ಟು ಸೆಕೆ ಎಂದು ನನಗೆ ಗೊತ್ತು. ಅದಕ್ಕೇ ಒಂದೇ ವಿಷಯ ಹೇಳುತ್ತೇನೆ, ಅದೂ ನಮ್ಮೂರಿನದು.

2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಊರಿಗೆ ಬಂದ ನೆನಪಿಗೆ ಕಟ್ಟಿಸಿದ ಕಟ್ಟಡ ಅದು. ಹಳೇ ಪುಸ್ತಕ ಹುಡುಕಿಕೊಂಡು ಹೋದ ನನ್ನ ವಯಸ್ಸಿನವರಿಗೆಲ್ಲ ಅದರ ಕಂಬಗಳ ಸಾಲು ಪರಿಚಿತ. ನಾಲ್ಕು ವರ್ಷ ಕಳೆದು 2016ರಲ್ಲಿ, ಮತ್ತೆ ಆಗಸ್ಟ್‌ನಲ್ಲೇ, ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ನಡೆದದ್ದು ನಿಮಗೂ ಗೊತ್ತು. ಕೆಡವಿ ಕಟ್ಟಿ ಎಂದರು ಕೆಲವು ತಜ್ಞರು, ದುರಸ್ತಿ ಮಾಡಿ ಉಳಿಸಬಹುದು ಎಂದರು ಇನ್ನು ಕೆಲವರು. ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು.

ಆ ವಾದದಲ್ಲಿ ನಾನು ಯಾವ ಕಡೆ ಎಂದು ಬಚ್ಚಿಡುವುದಿಲ್ಲ. ಉಳಿಸಬೇಕು ಎನ್ನುವ ಕಡೆ. ಆದರೆ ನನ್ನ ಕಡೆಯವರೂ ಒಂದು ತಪ್ಪು ಮಾಡುತ್ತಾ ಬಂದಿದ್ದೇವೆ. ಕಮಾನಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ಕಮಾನಿನ ಕೆಳಗೆ ಕೂತವರ ಬಗ್ಗೆ ಎರಡು ವಾಕ್ಯ.

ಮಾರುಕಟ್ಟೆಯ ಹೂವಿನ ಸಾಲಿಗೆ ಬೆಳಗಿನ ಜಾವ ಹೋಗಿ ನೋಡಿ. ಮಾರು ಅಳೆಯಲು ಹೂವಾಡಗಿತ್ತಿ ಎರಡೂ ಕೈ ಚಾಚುತ್ತಾಳೆ. ಚಾಚುವಷ್ಟು ಜಾಗ ಬೇಕು, ಅಷ್ಟೇ ಜಾಗ ಇದೆ, ಬೆರಳ ತುದಿ ಪಕ್ಕದವಳ ಬುಟ್ಟಿಗೆ ತಾಗುವುದಿಲ್ಲ. ಅವಳ ಬೆನ್ನಿಗೆ ದಪ್ಪ ಗೋಡೆ, ನೆತ್ತಿಯ ಮೇಲೆ ನೆರಳು. ಮಧ್ಯಾಹ್ನದವರೆಗೂ ಮಲ್ಲಿಗೆ ಬಾಡುವುದಿಲ್ಲ. ಆಚೆ ಅರಿಶಿನ ಕುಂಕುಮದ ಗೋಪುರಗಳು, ಇನ್ನೂ ಆಚೆ ಬಾಳೆಗೊನೆ, ವೀಳ್ಯದೆಲೆ. ಎಂಟುನೂರಕ್ಕೂ ಹೆಚ್ಚು ಅಂಗಡಿಗಳು. ಇವರನ್ನೆಲ್ಲ ಎಬ್ಬಿಸಿ, ಗೋಡೆಗೆ ಬಣ್ಣ ಬಳಿದು, ಕಾಫಿ ಅಂಗಡಿ ಇಟ್ಟರೆ ಕಟ್ಟಡ ಉಳಿಯಬಹುದು. ಪೇಟೆ ಉಳಿಯುವುದಿಲ್ಲ. ಜಂಬೂಸವಾರಿ ಇದೇ ಗೋಡೆಯ ಮುಂದೆ ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗುತ್ತದೆ. ಆದರೆ ಅದು ವರ್ಷಕ್ಕೆ ಒಂದು ದಿನ. ಉಳಿದ ದಿನಗಳ ಜನ ಮಲ್ಲಿಗೆ ಕೊಳ್ಳಲು ಬಂದವರು.

ಹಳೇ ಪೇಟೆ ವಯಸ್ಸಾಗಿ ಸಾಯುತ್ತದೆ ಎಂದು ನಿಮ್ಮ ಮುಂದೆ ಯಾರಾದರೂ ಹೇಳಿದರೆ ಮಾಳಿಗೆ ಹತ್ತಿ ನೋಡೋಣ ಬನ್ನಿ ಎಂದು ಕರೆಯಿರಿ. ಮಳೆನೀರಿನ ತೂಬಿಗೆ ಎಲೆ ಕಟ್ಟಿಕೊಂಡಿರುತ್ತದೆ. ನೀರು ನಿಲ್ಲುತ್ತದೆ, ಗಾರೆಯೊಳಗೆ ಇಳಿಯುತ್ತದೆ, ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಹಕ್ಕಿ ತಂದ ಬೀಜದಿಂದ ಬಿರುಕಿನಲ್ಲಿ ಅರಳಿ ಸಸಿ ಹುಟ್ಟುತ್ತದೆ. ಮೊದಲ ವರ್ಷ ಎರಡು ಬೆರಳಲ್ಲಿ ಕಿತ್ತುಹಾಕಬಹುದು. ಐದನೇ ವರ್ಷ ಟೆಂಡರ್ ಕರೆಯಬೇಕು. ಅರಳಿ ಮರವಲ್ಲವೇ, ಕಡಿಯಲು ಕೆಲಸದವರೂ ಹಿಂದೆಮುಂದೆ ನೋಡುತ್ತಾರೆ!

ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳೇ ಛತ್ರದ ದುರಸ್ತಿ ನನ್ನ ಪಾಲಿಗೆ ಬಂತು. ಸುಣ್ಣದ ಗಾರೆ ಉದುರುತ್ತಿದ್ದ ಗೋಡೆಗೆ ಗಟ್ಟಿಯಾಗಿ ಸಿಮೆಂಟು ಬಳಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟು ಹಪ್ಪಳದ ಹಾಗೆ ಎದ್ದು ಬಂತು. ಹಿಂದಿನ ಇಟ್ಟಿಗೆ ಮುಟ್ಟಿದರೆ ಪುಡಿ. ಅಲ್ಲಿದ್ದ ಮುದುಕ ಗಾರೆಯವರು ಬೀಡಿ ಆರಿಸಿ ಹೇಳಿದರು: "ಸಿಮೆಂಟು ನೀರು ಒಳಕ್ಕೆ ಬುಡಲ್ಲ, ಸರಿ ಸಾಮಿ. ಒಳಗಿರೋ ನೀರ್ನ ಹೊರಕ್ಕೂ ಬುಡಲ್ವಲ್ಲ." ಅವರು ಸುಣ್ಣ ಎಷ್ಟು ದಿನ ನೆನೆಸಬೇಕು, ಇಟ್ಟಿಗೆ ಪುಡಿ ಎಷ್ಟು ಬೆರೆಸಬೇಕು, ಬೆಲ್ಲದ ನೀರು ಯಾವಾಗ ಹಾಕಬೇಕು ಎಂದು ಬಲ್ಲವರು. ನಾನು ಪದವೀಧರ. ಸಹಿ ನನ್ನದೇ ನಡೆಯಿತು. ಆ ಗೋಡೆ ಇವತ್ತು ಇಲ್ಲ.

ಇನ್ನು ಬಾಡಿಗೆ. ಬಾಡಿಗೆ ಅಷ್ಟೇನೂ ಇಲ್ಲದ ಕಟ್ಟಡಕ್ಕೆ ಮಾಲೀಕ ಕಾಸು ಹಾಕುವುದಿಲ್ಲ. ಬಾಡಿಗೆದಾರ ತಾನು ಖರ್ಚು ಮಾಡಿದರೆ ನಾಳೆ ಎಬ್ಬಿಸಿಬಿಟ್ಟಾರು ಎಂದು ಹೆದರುತ್ತಾನೆ. "ಆರು ತಿಂಗಳು ಖಾಲಿ ಮಾಡಿ, ಮತ್ತೆ ಕೊಡುತ್ತೇವೆ" ಎಂಬ ಮಾತನ್ನು ಅವನು ನಂಬುವುದಿಲ್ಲ. ನಂಬಬೇಕೆಂದು ನಾನೂ ಹೇಳಲಾರೆ, ಕಾಗದದಲ್ಲಿ ಬರೆದುಕೊಡದ ಹೊರತು. 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅಹಮದಾಬಾದಿನ ಹಳೇ ನಗರದಲ್ಲಿ ಒಂದು ದಾರಿ ಇದೆ. ಪಾರಂಪರಿಕ ಮನೆ ಉಳಿಸಿಕೊಂಡವರು ಅದರ ಮೇಲೆ ಕಟ್ಟದೇ ಬಿಟ್ಟ ಮಹಡಿಗಳ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಆ ಹಣದಲ್ಲಿ ಮನೆಯ ಸೂರು ಸರಿಮಾಡಿಸಬಹುದು. ಅದು ಎಲ್ಲರ ಕಷ್ಟಕ್ಕೂ ಮದ್ದಲ್ಲ. ಬಾಡಿಗೆಗೆ ಕೂತವನಿಗೆ ಅದರಿಂದ ಏನೂ ಸಿಗದು. ಆದರೂ ಉಪದೇಶಕ್ಕಿಂತ ವಾಸಿ.

ಊರನ್ನು ಬುಡದಿಂದ ಸರಿಮಾಡುವ ಯೋಚನೆ ನಮಗೆ ಹೊಸದೇನಲ್ಲ. ಪ್ಲೇಗು ಬಂದು ಹೋದ ಮೇಲೆ, 1903ರಲ್ಲೇ, ಮೈಸೂರು ತನ್ನ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಕಟ್ಟಿಕೊಂಡಿತು. ಗಾಳಿ, ಬೆಳಕು, ಚರಂಡಿಯಿಂದ ಕೆಲಸ ಶುರು ಮಾಡಿದವರು ಆಗಿನವರು. ನಾವು ದೀಪಾಲಂಕಾರದಿಂದ ಶುರು ಮಾಡುತ್ತೇವೆ.

ನಿಮ್ಮಲ್ಲಿ ಅರ್ಧ ಜನ ಬೆಂಗಳೂರಿಗೆ, ಕೆಲವರು ಇನ್ನೂ ದೂರ ಹೋಗುತ್ತೀರಿ. ಹೋಗಿ, ಸಂತೋಷ. ಹೊರಡುವ ಮೊದಲು ಒಂದು ಕೆಲಸ ಮಾಡಿ. ಮಳೆ ಜೂನ್‌ನಲ್ಲಿ ಹಿಡಿಯುತ್ತದೆ. ಅಷ್ಟರೊಳಗೆ ನಿಮ್ಮ ನಿಮ್ಮ ಊರಿನ ಹಳೇ ಪೇಟೆಯಲ್ಲಿ ಒಂದೇ ಒಂದು ಮಾಳಿಗೆ ಹತ್ತಿ, ತೂಬು ಬಿಡಿಸಿ, ಸಸಿ ಇದ್ದರೆ ಕಿತ್ತುಹಾಕಿ. ಏಣಿ ಕೆಳಗಿನ ಅಂಗಡಿಯವರ ಹತ್ತಿರ ಇರುತ್ತದೆ. ಕೇಳಿದರೆ ಕೊಡುತ್ತಾರೆ.