ಮತ್ತೆ ಕಂಡ ಮೋಗ್ಲಿ

(ಸಂಘದ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಪಂಡಿತರು ಪಂಪನನ್ನು ಕುರಿತು, ಕುಮಾರವ್ಯಾಸನನ್ನು ಕುರಿತು ಮಾತನಾಡಿದ್ದಾರೆ. ಇಂದು ಒಬ್ಬ ಗುಮಾಸ್ತನು ಎದ್ದು ಮಕ್ಕಳ ಚಿತ್ರವೊಂದನ್ನು ಹೊಗಳಲು ಹೊರಟಿದ್ದಾನೆ. "ನಿಮಗೆ ಸಂತೋಷ ಕೊಟ್ಟದ್ದನ್ನು ಹೇಳಿ" ಎಂದು ಕಾರ್ಯದರ್ಶಿಗಳೇ ಅಪ್ಪಣೆ ಕೊಡಿಸಿದ್ದರಿಂದ ಅಪರಾಧದಲ್ಲಿ ಅವರಿಗೂ ಪಾಲಿದೆ.

ನನ್ನ ಊರು ಹೊಸಪೇಟೆಯ ಹತ್ತಿರ. 1990ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟಿ.ವಿ. ಭಾನುವಾರ ಬೆಳಿಗ್ಗೆ ಅದರ ಮುಂದೆ ಓಣಿಯ ಮಕ್ಕಳೆಲ್ಲ ಹಾಜರು. ದೂರದರ್ಶನದಲ್ಲಿ 'ಜಂಗಲ್ ಬುಕ್' ಕಾರ್ಟೂನು! ತೋಳಗಳ ನಡುವೆ ಬೆಳೆದ ಹುಡುಗ ಮೋಗ್ಲಿ, ಅವನಿಗೆ ಪಾಠ ಹೇಳುವ ಕರಡಿ ಬಾಲು, ಬೆಂಗಾವಲಿನ ಕರಿಚಿರತೆ ಬಘೀರ, ಹೊಂಚು ಹಾಕುವ ಹುಲಿ ಶೇರ್ ಖಾನ್. ತಯಾರಿಸಿದವರು ಜಪಾನಿನವರು, ನಮಗೆ ಬಂದದ್ದು ಹಿಂದಿಯಲ್ಲಿ. ಗುಲ್ಜಾರರು ಬರೆದು ವಿಶಾಲ್ ಭಾರದ್ವಾಜರು ರಾಗ ಕೂಡಿಸಿದ ಅದರ ಹಾಡನ್ನು ಅರ್ಥ ತಿಳಿಯದೆಯೇ ಹಾಡುತ್ತಿದ್ದೆವು. ಶಾಲೆಯ ಹಿಂದಿ ಮೇಷ್ಟ್ರಿಗಿಂತ ಹೆಚ್ಚು ಹಿಂದಿಯನ್ನು ನನಗೆ ಕಲಿಸಿದ್ದು ಆ ಕರಡಿ. ಮುಂಬಯಿಗೆ ಬಂದ ಮೊದಲ ದಿನ ದಾದರಿನಲ್ಲಿ ದಾರಿ ಕೇಳಿದಾಗ ಬಾಯಿಂದ ಹೊರಟದ್ದು ಅದೇ ಹಿಂದಿ ಇರಬೇಕು. ಎದುರಿನವನು ನಕ್ಕ, ಆದರೆ ದಾರಿ ತೋರಿಸಿದ.

ಅದೇ ಕಥೆ 2016ರ ಏಪ್ರಿಲ್ 8ರಂದು, ಅಮೆರಿಕಕ್ಕಿಂತ ಒಂದು ವಾರ ಮೊದಲೇ, ನಮ್ಮ ದೇಶದಲ್ಲಿ ಹೊಸ ಚಿತ್ರವಾಗಿ ಬಂತು. ಕಟ್ಟುನಿಟ್ಟಾಗಿ ಹೇಳಿದರೆ ಅದು ನಮ್ಮ ಭಾನುವಾರದ ಕಾರ್ಟೂನಿನ ರೂಪಾಂತರವಲ್ಲ. ಡಿಸ್ನಿ ಸಂಸ್ಥೆಯು 1967ರ ತನ್ನದೇ ಕಾರ್ಟೂನಿಗೆ ಜೀವಂತ ರೂಪ ಕೊಟ್ಟದ್ದು. ಎರಡಕ್ಕೂ ಮೂಲ ಕಿಪ್ಲಿಂಗನ 1894ರ ಪುಸ್ತಕ. ಆರು ವರ್ಷದ ಮಗಳನ್ನು ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ, ಅಂಜುತ್ತಲೇ ಹೋದೆ. ಬಾಲ್ಯದ ಗೆಳೆಯ ಇಪ್ಪತ್ತು ವರ್ಷದ ಮೇಲೆ ಸಿಕ್ಕರೆ ಗುರುತು ಹಿಡಿಯದೆ ಹೋದಾನೆಂಬ ಅಂಜಿಕೆ ಅದು.

ತೆರೆಯ ಮೇಲೆ ಹುಲಿ ಬಾಯಿ ತೆರೆಯಿತು. ನಾನಾ ಪಾಟೇಕರರ ಧ್ವನಿ! ದೂರದರ್ಶನದ ಶೇರ್ ಖಾನನಿಗೂ ಅವರದೇ ಧ್ವನಿಯಿತ್ತು. ಆ ಕತ್ತಲಲ್ಲಿ ನಾನು ಓಣಿಯ ಚಾಪೆಯ ಮೇಲೆ ಕುಳಿತ ಹುಡುಗನಾಗಿಬಿಟ್ಟೆ. ಬಾಲುವಿಗೆ ಇರ್ಫಾನ್ ಖಾನರು, ಬಘೀರನಿಗೆ ಓಂ ಪುರಿಯವರು ಧ್ವನಿ ಕೊಟ್ಟಿದ್ದರು. ಇಬ್ಬರೂ ಈಗ ಇಲ್ಲ.

ಆ ಕಾಡು ಕಾಡೇ ಅಲ್ಲವಂತೆ. ಲಾಸ್ ಏಂಜಲೀಸಿನ ಸ್ಟುಡಿಯೋದೊಳಗೆ ನೀಲ್ ಸೇಠಿ ಎಂಬ ಹುಡುಗನೊಬ್ಬನನ್ನೇ ಓಡಿಸಿ, ಎದುರಿಗೆ ಬೊಂಬೆಗಳನ್ನು ಹಿಡಿದು ನಟಿಸುವಂತೆ ಮಾಡಿ, ಮರ, ನದಿ, ಮೃಗ ಎಲ್ಲವನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದರು. ಅದಕ್ಕೆ ಆಸ್ಕರ್ ಬಹುಮಾನವೂ ಬಂತು. ಹೀಗಿದ್ದೂ ಮಳೆ ಬಿದ್ದಾಗ ನನಗೆ ಮಣ್ಣಿನ ವಾಸನೆ ಬಂದಂತಾಯಿತು. ಕೋತಿಗಳ ರಾಜ ಕೂತಿದ್ದ ಪಾಳುಗುಡಿಯನ್ನು ನೋಡಿ, "ಇದು ನಮ್ಮ ಹಂಪಿ ಕಣೇ!" ಎಂದು ಮಗಳಿಗೆ ಹೇಳಿದೆ. ಹಿಂದಿನ ಸಾಲಿನವರು 'ಶ್' ಎಂದರು. 1967ರಲ್ಲಿ ಆ ರಾಜ ಒರಾಂಗುಟಾನ್ ಆಗಿದ್ದ. ಅದು ಭಾರತದ ಪ್ರಾಣಿಯಲ್ಲವೆಂದು ಈ ಚಿತ್ರದವರು ಎಂದೋ ಅಳಿದ ದೈತ್ಯವಾನರನನ್ನು ತಂದರು. ಬಾಲು ಮಾತ್ರ ಮೊದಲಿನಂತೆ ಜೇನಿನ ಆಸೆಬುರುಕ. ನಮ್ಮ ದರೋಜಿಯ ಕರಡಿಗಳಿಗೂ ಜೇನೆಂದರೆ ಪ್ರಾಣ. ಆದರೆ ಅವುಗಳ ಹತ್ತಿರ ಸ್ನೇಹಕ್ಕೆ ಹೋದೀರಿ, ಜೋಕೆ!

ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ. ಮೋಗ್ಲಿ ಹಗ್ಗ ಹೊಸೆಯುತ್ತಾನೆ, ಉಪಾಯ ಹೂಡುತ್ತಾನೆ. ತೋಳದಂತಿರು, ನಿನ್ನ ಮನುಷ್ಯಬುದ್ಧಿ ಬೇಡವೆಂದು ಬಘೀರ ಗದರಿಸುತ್ತಾನೆ. ಕೊನೆಗೆ ಹುಲಿ ಎದುರಾದಾಗ, ಮನುಷ್ಯನ ಹಾಗೆಯೇ ಹೋರಾಡೆಂದು ಹೇಳುವವನೂ ಅವನೇ. 1967ರ ಚಿತ್ರದಲ್ಲಿ ಹುಡುಗ ನೀರಿಗೆ ಬಂದ ಹುಡುಗಿಯ ಹಿಂದೆ ಹಳ್ಳಿಗೆ ನಡೆದುಬಿಡುತ್ತಾನೆ. ಇಲ್ಲಿ ತೋಳನೂ ಆಗದೆ, ಕಾಡನ್ನೂ ಬಿಡದೆ, ತಾನಾಗಿಯೇ ಉಳಿಯುತ್ತಾನೆ. ಕಚೇರಿಯಲ್ಲಿ ಹೆಸರನ್ನು ಮೊಟಕು ಮಾಡಿಕೊಂಡು, ಊಟದ ಡಬ್ಬಿಯ ರೊಟ್ಟಿಯನ್ನು ಮರೆಮಾಡಿ ತಿಂದ ದಿನಗಳು ನನಗೂ ಇವೆ. ಕಣ್ಣು ಒದ್ದೆಯಾಯಿತು, ಕನ್ನಡಕ ಒರೆಸಿಕೊಂಡೆ.

ಒಂದು ಕೊರಗು ಉಳಿಯಿತು. ಆ ಚಿತ್ರ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್ ಬೇಕೆ ಬೇಡವೆ ಎಂದು ದೊಡ್ಡವರು ಆಗ ವಾದಿಸುತ್ತಿದ್ದರು. ಡಬ್ಬಿಂಗಿನಿಂದ ನಮ್ಮ ಕಲಾವಿದರ ಅನ್ನಕ್ಕೆ ಕುತ್ತೆಂಬ ಭಯವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ನನ್ನ ಮಗಳಿಗೆ ಹುಲಿಯ ಗುಟುರು ಹಿಂದಿಯಲ್ಲೇ ಮನಸ್ಸಿನಲ್ಲಿ ನಿಂತಿತು.

ಮರಳುವಾಗ ಲೋಕಲ್ ಗಾಡಿಯಲ್ಲಿ ಅವಳು, "ಅಪ್ಪಾ, ಇನ್ನೊಂದ್ಸಲ ಹೇಳು" ಎಂದಳು. ಹೇಳಿದೆ. ನನ್ನ ಬಾಲು ದರೋಜಿಯ ಕಡೆಯ ಕನ್ನಡ ಆಡಿದ. ಅವಳು ನಕ್ಕು, "ಕರಡಿ ಅಜ್ಜನ ಥರಾ ಮಾತಾಡ್ತದೆ" ಎಂದಳು. ಎದುರು ಕುಳಿತಿದ್ದವರೊಬ್ಬರು ಪತ್ರಿಕೆ ಮಡಚಿ, "ಯಾವ ಊರು ತಮ್ಮದು?" ಎಂದು ಕನ್ನಡದಲ್ಲಿ ಕೇಳಿದರು. ಅವರು ಕೊಪ್ಪಳದವರು. ಅವರೇ ನನ್ನನ್ನು ಮೊದಲು ಈ ವಾಚನಾಲಯಕ್ಕೆ ಕರೆತಂದವರು. ಈ ಹೊತ್ತು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ.